ವಂಶವೃಕ್ಷ ಮತ್ತು ಕುಟುಂಬದ ಇತಿಹಾಸ: ಗಣಕೀಕೃತ ದಾಖಲೆಗಳಿಂದ ಮಾಹಿತಿ ಪಡೆಯುವ ಕ್ರಮ

ವಂಶವೃಕ್ಷ ದೃಢೀಕರಣ ಅಥವಾ ಪೌತಿ ಖಾತೆ ಬದಲಾವಣೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರು ಕುಟುಂಬದ ಎರಡು ಮೂರು ತಲೆಮಾರುಗಳ ವಿವರವನ್ನು ಒದಗಿಸಬೇಕಾಗುತ್ತದೆ. ತಾತನ ಹೆಸರಿನಲ್ಲಿಯೇ ಉಳಿದಿರುವ ಜಮೀನಿನ ವಿಷಯದಲ್ಲಿ ಈ ವಿವರಗಳು ದೊರೆಯದೆ ಅರ್ಜಿಗಳು ವಿಳಂಬವಾಗುವುದುಂಟು. ಆದುದರಿಂದ ದಾಖಲೆಗಳನ್ನು ಅರ್ಜಿಗೆ ಮುನ್ನವೇ ಸಂಗ್ರಹಿಸಿಕೊಳ್ಳುವುದು ಸೂಕ್ತ.

ಭೂ ದಾಖಲೆಗಳು

ಕುಟುಂಬದ ಇತಿಹಾಸವನ್ನು ಇಂದಿನಿಂದ ಹಿಂದಕ್ಕೆ ಹುಡುಕತಕ್ಕದ್ದು. ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 10ನೇ ಕಾಲಂನಲ್ಲಿ ಜಮೀನು ಅವರಿಗೆ ಬಂದ ರೀತಿ ಹಾಗೂ ಹಕ್ಕು ಬದಲಾವಣೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಆಧಾರದ ಮೇಲೆ ಹಕ್ಕು ಬದಲಾವಣೆ ವಹಿಯ ನಕಲನ್ನು ಪಡೆದಲ್ಲಿ ಹಿಂದಿನ ತಲೆಮಾರಿನ ಹೆಸರು ತಿಳಿಯುತ್ತದೆ. 2000ದಲ್ಲಿ ಜಾರಿಗೆ ಬಂದ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕರಣಗೊಂಡಿವೆ. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳಿಗಾಗಿ ತಾಲ್ಲೂಕು ಕಚೇರಿಯ ಅಭಿಲೇಖಾಲಯವನ್ನು ಸಂಪರ್ಕಿಸಬೇಕು. 2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಡಿ ಇಂತಹ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಕೈಗೊಳ್ಳಲಾಗಿದೆ.

ಹೆಸರಿನ ಮುಂದಿನ ಸಂಕ್ಷಿಪ್ತ ಪದಗಳನ್ನು ಗಮನವಿಟ್ಟು ಓದಬೇಕು. ‘ಬಿನ್’ ಎಂದರೆ ತಂದೆಯ ಹೆಸರು, ‘ಕೋಂ’ ಎಂದರೆ ಗಂಡನ ಹೆಸರು ಮುಂದೆ ಬರುತ್ತದೆಂದು ಅರ್ಥ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ಮರುಕಳಿಸುವುದರಿಂದ, ಇಬ್ಬರನ್ನು ಒಬ್ಬರೆಂದು ತಿಳಿಯುವ ತಪ್ಪು ಸಾಮಾನ್ಯ. ಸರ್ವೆ ನಂಬರು ಹಾಗೂ ಇಸವಿಯನ್ನು ತಾಳೆ ನೋಡಿದಲ್ಲಿ ಇದು ನಿವಾರಣೆಯಾಗುತ್ತದೆ.

ಹೆಣ್ಣುಮಕ್ಕಳ ಹೆಸರು

ಪಹಣಿಯಲ್ಲಿ ಖಾತೆದಾರರ ಹೆಸರು ಮಾತ್ರ ಇರುವುದರಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅದರಲ್ಲಿ ಕಾಣಸಿಗುವುದು ಅಪರೂಪ. ಅದನ್ನೇ ನೋಡಿ ವಂಶವೃಕ್ಷ ಬರೆದು ಅವರ ಹೆಸರನ್ನು ಕೈಬಿಡುವುದು ತಪ್ಪು. ಹಿಂದೂ ಉತ್ತರಾಧಿಕಾರ (ತಿದ್ದುಪಡಿ) ಅಧಿನಿಯಮ, 2005ರ ಮೇರೆಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹೆಸರು ಬಿಟ್ಟುಹೋದಲ್ಲಿ ತಕರಾರು ವರ್ಷಗಳ ನಂತರವೂ ನ್ಯಾಯಾಲಯದ ಮೆಟ್ಟಿಲೇರಬಹುದು. ಇವರ ವಿವರಗಳು ಶಾಲಾ ದಾಖಲಾತಿ ವಹಿ, ನೋಂದಾಯಿತ ವಿಭಾಗ ಪತ್ರ ಮತ್ತು ಹಕ್ಕು ಬಿಡುಗಡೆ ಪತ್ರಗಳಲ್ಲಿ ದೊರೆಯುವ ಸಾಧ್ಯತೆ ಹೆಚ್ಚು. ಇಂತಹ ಪತ್ರಗಳ ಸುಳಿವು ಋಣಭಾರ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಕಾವೇರಿ ತಂತ್ರಾಂಶದಲ್ಲಿ ಸಿಗದ ಹಳೆಯ ಅವಧಿಗೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು.

ಜನನ, ಮರಣ ಹಾಗೂ ಜನಗಣತಿ

ಜನನ ಮರಣ ನೋಂದಣಿ ಅಧಿನಿಯಮ, 1969 ರಾಜ್ಯದಲ್ಲಿ 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ನಮೂದುಗಳು ಎಲ್ಲ ಗ್ರಾಮಗಳಲ್ಲಿಯೂ ದೊರೆಯುವುದಿಲ್ಲ. ಜನಗಣತಿಯಲ್ಲಿ ನೀಡಿದ ವ್ಯಕ್ತಿಗತ ಮಾಹಿತಿಯು 1948ರ ಅಧಿನಿಯಮದಂತೆ ಗೌಪ್ಯವಾಗಿದ್ದು, ಅದರ ನಕಲು ಕೋರಿ ಅರ್ಜಿ ಸಲ್ಲಿಸಿ ಪ್ರಯೋಜನವಿಲ್ಲ.

ಹಿರಿಯರು ಮತ್ತು ಹೆಳವರು

ದಾಖಲೆ ನಿಂತ ಕಡೆ ಹಿರಿಯರ ನೆನಪೇ ಆಧಾರ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ದಿನಾಂಕ ನಮೂದಿಸಿ ಇಟ್ಟುಕೊಳ್ಳುವುದು ಒಳಿತು. ಈ ಕೆಲಸವನ್ನು ಮುಂದಕ್ಕೆ ಹಾಕಬಾರದು. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರ ಬಾಯಿಂದ ಹಲವು ತಲೆಮಾರುಗಳ ಹೆಸರು, ಮೂಲ ಊರು ತಿಳಿದುಬರುವುದುಂಟು. ಆದರೆ ಇಂತಹ ಮಾಹಿತಿಯನ್ನು ಇತರ ದಾಖಲೆಗಳೊಡನೆ ತಾಳೆ ನೋಡದೆ ಅರ್ಜಿಯಲ್ಲಿ ಬರೆಯಬಾರದು.

ಅರ್ಜಿ ಸಲ್ಲಿಕೆ

ವಂಶವೃಕ್ಷ ದೃಢೀಕರಣಕ್ಕಾಗಿ ನಾಡಕಚೇರಿಯಲ್ಲಿ ಪ್ರಮಾಣಪತ್ರ ಸಹಿತ ಅರ್ಜಿ ಸಲ್ಲಿಸತಕ್ಕದ್ದು. ಮೃತಪಟ್ಟವರ ಹೆಸರನ್ನೂ ಬಿಡದೆ ಬರೆದು, ಮರಣದ ಇಸವಿಯನ್ನು ನಮೂದಿಸಬೇಕು. ಈ ದೃಢೀಕರಣವು ಸಂಬಂಧವನ್ನು ತಿಳಿಸುವುದೇ ಹೊರತು ಆಸ್ತಿಯ ಹಕ್ಕನ್ನು ತೀರ್ಮಾನಿಸುವುದಿಲ್ಲ. 1956ಕ್ಕೆ ಮುನ್ನ ಮುಂಬಯಿ, ಹೈದರಾಬಾದ್ ಮತ್ತು ಮದರಾಸು ಆಡಳಿತಕ್ಕೆ ಒಳಪಟ್ಟಿದ್ದ ಜಿಲ್ಲೆಗಳ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ, ಉರ್ದುವಿನಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಬಹುದಾದ್ದರಿಂದ, ಅವುಗಳನ್ನು ಕನ್ನಡ ಅನುವಾದದೊಂದಿಗೆ ಲಗತ್ತಿಸುವುದು ಅನುಕೂಲ.