ಒಡ್ಡು-ಹೊಂಡಗಳ ಸಹಾಯಧನವೂ ಅದರ ಭಾಗಿಗಳೂ

ವಿಜಯಪುರ ಜಿಲ್ಲೆಯ ಕಾಖಂಡಕಿಯು ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಮಹಿಪತಿದಾಸರ ಕ್ಷೇತ್ರವೆಂದು ಸುಪರಿಚಿತವಾಗಿದೆ. ನಾನಿಲ್ಲಿ ಎತ್ತಿಕೊಳ್ಳುವುದು ಆ ಸೀಮೆಯ ಎರೆಹೊಲಗಳ ವಿಚಾರವನ್ನು. ಅಲ್ಲಿ ಮಳೆ ಕಡಮೆ. ಬಿದ್ದಾಗ ಬಿರುಸಾಗಿ ಬಿದ್ದು ಮಣ್ಣನ್ನು ಕೊಚ್ಚಿಕೊಂಡು ಹೋಗುವುದುಂಟು. ಒಡ್ಡು ಹಾಕಿ ಮಣ್ಣನ್ನೂ ಹಸಿಯನ್ನೂ ಹಿಡಿದಿಡದೆ ಹಿಂಗಾರಿ ಜೋಳವು ಕೈಗೆ ಬರುವುದು ಕಷ್ಟ. ಈ ಕೆಲಸಕ್ಕೆ ಅರಸು ಕೊಡುವ ನೆರವು ಯಾರನ್ನು ಸೇರಬೇಕೆಂಬ ಪ್ರಶ್ನೆಯು ಬಹು ಹಳೆಯದು.

ಕೌಟಿಲ್ಯನು ಧರ್ಮಸ್ಥೀಯಾಧಿಕರಣದಲ್ಲಿ, ಕೆರೆಕಟ್ಟೆಗಳನ್ನು ಹೊಸದಾಗಿ ಕಟ್ಟಿದವರಿಗೆ ಐದು ವರ್ಷ, ಒಡೆದು ಪಾಳುಬಿದ್ದವನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ ‘ಪರಿಹಾರ’ವನ್ನು ವಿಧಿಸುತ್ತಾನೆ. ಇಲ್ಲಿ ಪರಿಹಾರವೆಂದರೆ ಕಂದಾಯದ ವಿನಾಯಿತಿ. ಇಂದಿನ ಕನ್ನಡದಲ್ಲಿ ಆ ಶಬ್ದವು ನಷ್ಟಕ್ಕೆ ಕೊಡುವ ಹಣವೆಂಬ ಅರ್ಥಕ್ಕೆ ಸರಿದಿರುವುದನ್ನು ಪಾಠ ಹೇಳುವವರು ಗಮನಿಸಬೇಕು. ಅದೇ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಬಾಡಿಗೆ, ಒತ್ತೆ, ಪಾಲುಗಳ ಮೇಲೆ ಕಟ್ಟೆಯನ್ನು ಅನುಭವಿಸುವವರು ಅದನ್ನು ದುರಸ್ತಿಯಲ್ಲಿ ಇಡತಕ್ಕದ್ದು, ತಪ್ಪಿದರೆ ನಷ್ಟದ ಇಮ್ಮಡಿ ದಂಡ. ಒಡೆತನವಿಲ್ಲದೆ ಭೂಮಿಯನ್ನು ನಡೆಯಿಸುವವನೊಬ್ಬನಿದ್ದಾನೆ ಎಂಬುದನ್ನು ಶಾಸ್ತ್ರಕಾರನು ಕಂಡಿದ್ದನು.

ನಮ್ಮ ಶಾಸನಗಳ ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆಗಳೂ ಇದೇ ಜಾತಿಯವು. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ಕಾಪಾಡಿಕೊಂಡು ಬರುವವನಿಗೆ ಭೂಮಿಯನ್ನೋ ಫಲದ ಭಾಗವನ್ನೋ ಬಿಡುತ್ತಿದ್ದರು. ಬಿತ್ತುವಟ್ಟದ ನಿಷ್ಪತ್ತಿಯ ವಿಷಯದಲ್ಲಿ ವಿವಾದವಿರಬಹುದು. ದತ್ತಿಯು ಕೆಲಸವನ್ನು ನೋಡಿ ಬಂದಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

1876-78ರ ಘೋರ ಕ್ಷಾಮವು ಕಳೆದ ಮೇಲೆ 1883ರಲ್ಲಿ ಭೂಸುಧಾರಣಾ ಸಾಲದ ಕಾಯಿದೆಯು ಬಂದಿತು. ಬಾವಿ, ಕೆರೆಗಳಿಗಲ್ಲದೆ ನೀರಿನ ಕೊರೆತದಿಂದ ಭೂಮಿಯನ್ನು ರಕ್ಷಿಸುವುದಕ್ಕೂ ಅದರಲ್ಲಿ ತಗಾವಿಗೆ ಅವಕಾಶವಿತ್ತು. ಆದರೆ ಸಾಲವು ಸುಧಾರಣೆ ಮಾಡುವ ಹಕ್ಕುಳ್ಳವನಿಗೆ; ಇತರನಿಗಾದರೆ ಆ ಹಕ್ಕುದಾರನ ಒಪ್ಪಿಗೆ ಬೇಕು. ಕೆಲಸದಿಂದ ಹಕ್ಕಿನ ಕಡೆಗೆ ದೃಷ್ಟಿಯು ತಿರುಗಿದ್ದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1942ರಲ್ಲಿ ಮುಂಬಯಿ ಸರಕಾರವು ಭೂಸುಧಾರಣಾ ಯೋಜನೆಗಳ ಕಾಯಿದೆಯನ್ನು ಮಾಡಿತು. ಒಡ್ಡಿಗೆ ಹೊಲದ ಮೇರೆ ತಿಳಿಯದು. ಮೇಲಿನವನು ಬಿಟ್ಟರೆ ಕೆಳಗಿನವನ ಒಡ್ಡು ಒಡೆಯುವುದು.

ಕರ್ನಾಟಕ ಸರಕಾರವು 2014ರಲ್ಲಿ ಆರಂಭಿಸಿದ ಕೃಷಿಭಾಗ್ಯ ಯೋಜನೆಯಲ್ಲಿ ಕೃಷಿಹೊಂಡ, ಅದರೊಳಗಿನ ಹಾಳೆಯ ಹೊದಿಕೆ, ಪಂಪು ಮುಂತಾದುವಕ್ಕೆ ಸಾಮಾನ್ಯ ವರ್ಗದ ರೈತರಿಗೆ ಶೇಕಡಾ 80, ಪರಿಶಿಷ್ಟರಿಗೆ ಶೇಕಡಾ 90 ಸಹಾಯಧನವು ಗೊತ್ತಾಯಿತು. ಈ ತಾರತಮ್ಯವು ನ್ಯಾಯವಾದುದೇ. ಆದರೂ ಉಳಿದ ಪಾಲನ್ನು ರೈತನೇ ಹೊಂದಿಸಬೇಕು; ಹೊಂಡಕ್ಕೆ ಬಿಟ್ಟ ನೆಲದಲ್ಲಿ ಬಿತ್ತುವ ಹಾಗಿಲ್ಲ. ಎರಡೆಕರೆಯವನಿಗೆ ಈ ನಷ್ಟವು ಇಪ್ಪತ್ತೆಕರೆಯವನಿಗಿಂತ ಭಾರವಾದುದು.

ಇದಕ್ಕಿಂತ ಕಠಿನವಾದುದು ಲಾವಣಿಕಾರನ ಸ್ಥಿತಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು, ಸೈನಿಕರೇ ಮೊದಲಾದ ಕೆಲವರ ಭೂಮಿಯ ಹೊರತು, ಗೇಣಿಯನ್ನು ನಿಷೇಧಿಸಿತು. ಅಂದು ಉಳುತ್ತಿದ್ದ ಅಸಂಖ್ಯರಿಗೆ ಅದರಿಂದ ಒಡೆತನವು ದೊರೆಯಿತು. ಅದು ಸಣ್ಣ ಉಪಕಾರವಲ್ಲ. ಆದರೆ ಅನಂತರ ನಡೆದ ಲಾವಣಿಯು ಬಾಯಿಮಾತಿಗೆ ಇಳಿಯಿತು. ಸಹಾಯಧನದ ಅರ್ಜಿಗೆ ಬೇಕಾದುದು ಉತಾರ. ಅದರಲ್ಲಿ ಸಾಗುವಳಿದಾರನಿಗೂ ಒಂದು ಅಂಕಣವಿದೆ. ಆದರೆ ಅಲ್ಲಿ ಲಾವಣಿಕಾರನ ಹೆಸರು ಬಿದ್ದರೆ ಹೊಲವೇ ಕೈಬಿಟ್ಟೀತೆಂದು ಒಡೆಯನು ಅಂಜುತ್ತಾನೆ.