ಬೀಳಗಿಯ ದನಿ, ತಟ್ಟೆಯ ಮೇಲಿನ ಹೆಸರು

ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಕ್ರಿ.ಶ. 578ರ ಶಾಸನವಿದೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಅನೇಕ ವಿದ್ಯಾರ್ಥಿಗಳು ಅದನ್ನು ಕಂಡಿರಬಹುದು. ಇತಿಹಾಸಕ್ಕೆ ಕಲ್ಲು, ತಾಮ್ರಪಟ, ಓಲೆಗರಿಗಳಷ್ಟೇ ಆಕರಗಳಲ್ಲ. ಇದೇ ಸೀಮೆಯ ದನಿಯನ್ನು ಹೊತ್ತಿರುವ ಗ್ರಾಮಾಫೋನ್ ತಟ್ಟೆಯೂ ಒಂದು ಆಕರವೇ.

ಭಾರತದಲ್ಲಿ ಗೌಹರ್ ಜಾನ್ ಅವರ ಹಾಡುಗಳು ಮೊದಲು ತಟ್ಟೆಗೆ ಇಳಿದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಅಂದಿನ ತಟ್ಟೆ ಅರಗಿನಿಂದ ಆದದ್ದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷಗಳಷ್ಟು ಹಾಡು. ತಪ್ಪಿದರೆ ತುಂಡು ಜೋಡಿಸಿ ತಿದ್ದುವಂತಿರಲಿಲ್ಲ. ಮೊದಲಿನಿಂದ ಮತ್ತೆ ಹಾಡಬೇಕಿತ್ತು. ಆದುದರಿಂದಲೇ ಆ ಮೂರು ನಿಮಿಷಗಳಲ್ಲಿ ಗಾಯಕರು ತಮ್ಮ ಜೀವವನ್ನೇ ತುಂಬಿದರು. ಹಳೆಯ ತಟ್ಟೆಗಳ ಆಕರ್ಷಣೆಯ ಮೊದಲ ಕಾರಣ ಇದು.

ಎರಡನೆಯ ಕಾರಣ ತಟ್ಟೆಯ ನಡುವಿನ ಚೀಟಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ, ನಾಟಕ ಕಂಪನಿಗಳಲ್ಲಿ ಬೆಳೆದು ಮುಂಬಯಿಯ ಚಿತ್ರರಂಗ ಸೇರಿದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವರನ್ನು ದೇಶದಾದ್ಯಂತ ಮನೆಮಾತಾಗಿಸಿದವು. ರಂಗದ ಮೇಲೆ ಹಾಡುವ ಹೆಣ್ಣನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತಿದ್ದ ಮನೆಗಳೊಳಕ್ಕೂ ತಟ್ಟೆ ಹೋಯಿತು. ಹಾಡಿದವರಿಗೆ ಇಲ್ಲದ ಪ್ರವೇಶ ಅವರ ದನಿಗೆ ದೊರೆಯಿತು.

ಆ ಚೀಟಿಯ ಮೇಲೆ ಇದ್ದ ಹೆಸರು ‘ಅಮೀರಬಾಯಿ ಕರ್ನಾಟಕಿ’. ಆಗ ಬೀಳಗಿ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ನಕಾಶೆಯಲ್ಲಿ ಇನ್ನೂ ಇಲ್ಲದ ನಾಡನ್ನು ಒಬ್ಬ ಹೆಣ್ಣುಮಗಳು ತನ್ನ ಹೆಸರಿನಲ್ಲಿ ಹೊತ್ತು ತಿರುಗಿದರು. ಅವರು ತೀರಿಕೊಂಡದ್ದು 1965ರಲ್ಲಿ. ಆ ಹೆಸರಿನ ರಾಜ್ಯವನ್ನು ಅವರು ಕಾಣಲಿಲ್ಲ.

ಊರು ಹಾಡಿನೊಡನೆ ಹೀಗೆ ಪಯಣಿಸುವುದು ಬೇರೆಡೆಯೂ ಉಂಟು. 1959ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆರಂಭವಾದ ಮೋಟೌನ್ ಕಂಪನಿಯ ಹೆಸರಿನಲ್ಲಿರುವುದು ಆ ಮೋಟಾರು ನಗರವೇ. ಅಲ್ಲಿಂದ ಕಪ್ಪು ಜನರ ಸೋಲ್ ಸಂಗೀತ ವಿನೈಲ್ ತಟ್ಟೆಗಳಲ್ಲಿ ಜಗತ್ತನ್ನು ಸುತ್ತಿತು. ಮಾರ್ವಿನ್ ಗೇ ಅವರ 1971ರ ಸಂಪುಟವನ್ನು ಇಂದಿಗೂ ತರುಣರು ತಟ್ಟೆಯಲ್ಲೇ ಹುಡುಕಿ ಕೇಳುತ್ತಾರೆ.

ವಿನೈಲ್ ಬಾಗುತ್ತದೆ, ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ. ಒಡೆದ ಶಾಸನವನ್ನು ಕೂಡಿಸಿ ಓದಬಹುದು, ಒಡೆದ ದನಿಯನ್ನು ಕೂಡಿಸುವುದು ಬಲು ಕಷ್ಟ. ಆದುದರಿಂದ ವಿದ್ಯಾರ್ಥಿಗಳೇ, ಅಟ್ಟದ ಮೇಲೆ ಹಳೆಯ ತಟ್ಟೆ ಸಿಕ್ಕರೆ ಗುಜರಿಗೆ ಹಾಕಬೇಡಿ. ಚೀಟಿಯ ಮೇಲಿನ ಹೆಸರು, ಕಂಪನಿ, ಸಂಖ್ಯೆಗಳನ್ನು ಬರೆದಿಟ್ಟು ಅಧ್ಯಾಪಕರಿಗೆ ತೋರಿಸಿ. ನಿಮ್ಮ ಊರಿನ ಚರಿತ್ರೆಯ ಒಂದು ಪುಟ ಅದರಲ್ಲಿರಬಹುದು.