ಆಟಗಾರನ ಮಂಡಿ: ಚಿತ್ರ ಕಲಿಸಿದ ಸಂಯಮ

ಮಂಡಿಯ ಒಳಗನ್ನು ತೋರಿಸುವ ಯಂತ್ರಗಳು ಬಂದ ಮೇಲೆ ಶಸ್ತ್ರಚಿಕಿತ್ಸೆ ಸುಲಭವಾಯಿತು, ಅದರಿಂದಲೇ ಆಟಗಾರರು ಉಳಿದುಕೊಂಡರು ಎಂಬುದು ಸಾಮಾನ್ಯ ನಂಬಿಕೆ. ಆದರೆ ನೂರು ವರ್ಷಗಳ ದಾಖಲೆಯನ್ನು ನೋಡಿದರೆ, ಈ ಚಿತ್ರಗಳ ದೊಡ್ಡ ಉಪಕಾರ ಎಲ್ಲಿ ಕತ್ತರಿ ಹಾಕಬಾರದು ಎಂದು ಕಲಿಸಿದ್ದರಲ್ಲಿದೆ. 1895ರಲ್ಲಿ ರಂಟ್ಗೆನ್ ಕಂಡುಹಿಡಿದ ಎಕ್ಸ್-ರೇ ಮೂಳೆಯನ್ನು ತೋರಿಸಿತು. ಫುಟ್‌ಬಾಲ್ ಆಡುವವರ ಮಂಡಿಯಲ್ಲಿ ಹೆಚ್ಚಾಗಿ ಹರಿಯುವುದು ಮಾತ್ರ ಎರಡು ಮೂಳೆಗಳ ನಡುವೆ ಅರ್ಧಚಂದ್ರಾಕಾರದಲ್ಲಿ ಕೂತ ಮೆನಿಸ್ಕಸ್. ಫಿಲ್ಮಿನಲ್ಲಿ ಅದರ ಜಾಗ ಬರಿದಾಗಿ ಕಾಣುತ್ತದೆ. ಕಾಣದ್ದಕ್ಕೆ ಬೆಲೆಯೂ ಇರಲಿಲ್ಲ. ಅದು ಕಾಲಿನ ಸ್ನಾಯುವಿನ ಕೆಲಸವಿಲ್ಲದ ಅವಶೇಷ ಎಂದು ಬ್ರಿಟನ್ನಿನ ಶಸ್ತ್ರವೈದ್ಯ ಬ್ಲಾಂಡ್-ಸಟನ್ 19ನೇ ಶತಮಾನದ ಕೊನೆಯಲ್ಲಿ ಬರೆದಿದ್ದರು. ಹರಿದರೆ ಪೂರ್ತಿ ತೆಗೆದುಹಾಕುವುದೇ ಮುಂದೆ ದಶಕಗಳ ಕಾಲ ರೂಢಿಯಾಯಿತು.

ಈ ರೂಢಿಯನ್ನು ಅಲುಗಾಡಿಸಿದ್ದು ಹೊಸ ಯಂತ್ರವೇನಲ್ಲ, ಅದೇ ಹಳೆಯ ಎಕ್ಸ್-ರೇ. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ಶಸ್ತ್ರವೈದ್ಯರು ಮೆನಿಸ್ಕಸ್ ತೆಗೆಸಿಕೊಂಡ 107 ಮಂದಿಯ ಫಿಲ್ಮುಗಳನ್ನು ಪರಿಶೀಲಿಸಿ ಮೂರು ಬದಲಾವಣೆಗಳನ್ನು ಗುರುತಿಸಿದರು: ತೊಡೆಮೂಳೆಯ ಅಂಚಿನಲ್ಲಿ ಏಣಿನಂತೆ ಎದ್ದ ಮೂಳೆ, ಅದರ ದುಂಡು ತುದಿ ಚಪ್ಪಟೆಯಾದದ್ದು, ಕೀಲಿನ ಸಂದು ಕಿರಿದಾದದ್ದು. ಮೆನಿಸ್ಕಸ್ ಭಾರ ಹೊರುತ್ತಿತ್ತು ಎಂಬುದು ಅದಿಲ್ಲವಾದ ಮೇಲೆ ಅದರ ನೆರೆಯ ಮೂಳೆಗಳಿಂದ ತಿಳಿಯಿತು. ಯಂತ್ರಕ್ಕೆ ಕಾಣದ ಭಾಗದ ಮಹತ್ವವನ್ನು ಹೀಗೆ ಚಿತ್ರವೇ ಸಾಬೀತು ಮಾಡಿತು. ಆದರೂ ವೈದ್ಯಲೋಕ ತಕ್ಷಣ ಬದಲಾಗಲಿಲ್ಲ. ಹರಿದ ತುಣುಕನ್ನಷ್ಟೇ ತೆಗೆಯುವ ಕೀಲುದರ್ಶಕ (ಆರ್ತ್ರೋಸ್ಕೋಪಿಕ್) ಶಸ್ತ್ರಚಿಕಿತ್ಸೆಯನ್ನು ಜಪಾನಿನ ಮಸಾಕಿ ವತನಾಬೆ ಮಾಡಿದ್ದು 1962ರಲ್ಲಿ.

ಕತ್ತರಿ ಹಾಕಿದ್ದರಿಂದಲೇ ಎಷ್ಟೋ ಮಂದಿ ಮೈದಾನಕ್ಕೆ ಮರಳಿದರಲ್ಲ ಎಂದು ಕೇಳಬಹುದು. 1947ರ ಒಂದೇ ಋತುವಿನಲ್ಲಿ 3,816 ರನ್, 18 ಶತಕ ಹೊಡೆದ ಇಂಗ್ಲೆಂಡಿನ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಇದಕ್ಕೆ ಒಳ್ಳೆಯ ಉದಾಹರಣೆ. 1938ರಲ್ಲಿ ಫುಟ್‌ಬಾಲ್ ಆಡುವಾಗ ಅವರ ಮಂಡಿಗೆ ಪೆಟ್ಟಾಗಿತ್ತು. 1955ರಲ್ಲಿ ಮಂಡಿಚಿಪ್ಪನ್ನೇ ತೆಗೆಯಬೇಕಾಯಿತು. ಮರುವರ್ಷ ಓವಲ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾ ವಿರುದ್ಧ 94 ರನ್ ಹೊಡೆದರು ಎಂಬುದೂ ನಿಜ. ಆದರೆ ಮರಳಿ ಬಂದದ್ದು ಆ ಋತುವಿನ ಲೆಕ್ಕ, ಕೀಲಿನದು ಜೀವಮಾನದ ಲೆಕ್ಕ. ಫಿನ್ಲೆಂಡಿನ 117 ಮಾಜಿ ಉನ್ನತ ಕ್ರೀಡಾಪಟುಗಳನ್ನು ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಎಕ್ಸ್-ರೇಗಳಲ್ಲಿ ಮಂಡಿ ಸವೆತ ಗುರಿಕಾರರಲ್ಲಿ ಶೇ 3, ಓಟಗಾರರಲ್ಲಿ ಶೇ 14, ಫುಟ್‌ಬಾಲಿಗರಲ್ಲಿ ಶೇ 29, ಭಾರ ಎತ್ತುವವರಲ್ಲಿ ಶೇ 31 ಕಂಡಿತು. ಫುಟ್‌ಬಾಲಿಗರ ಸವೆತಕ್ಕೆ ಹಳೆಯ ಮಂಡಿ ಪೆಟ್ಟುಗಳ ನಂಟಿತ್ತು. ಹಾಗಾಗಿ ಓಡಿದ್ದಕ್ಕೇ ಮಂಡಿ ಹಾಳಾಯಿತು ಎಂಬ ಸರಳ ತೀರ್ಮಾನವೂ ನಿಲ್ಲುವುದಿಲ್ಲ.

1980ರ ದಶಕದಲ್ಲಿ ಮಂಡಿಗೂ ಬಳಕೆಯಾದ ಎಂಆರ್‌ಐ ಮೆನಿಸ್ಕಸ್, ಲಿಗಮೆಂಟ್, ಮೃದ್ವಸ್ಥಿ ಎಲ್ಲವನ್ನೂ ತೋರಿಸಿತು. ಈಗ ತೊಂದರೆ ತಿರುವುಮುರುವಾಯಿತು: ಕಂಡದ್ದೆಲ್ಲ ರೋಗವಾಗತೊಡಗಿತು. ನೋವೇ ಇಲ್ಲದ 20 ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಆಟಗಾರರ 40 ಮಂಡಿಗಳನ್ನು ಸ್ಕ್ಯಾನ್ ಮಾಡಿದಾಗ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮೃದ್ವಸ್ಥಿಯ ದೋಷ ಸಿಕ್ಕಿತು ಎಂದು 2005ರಲ್ಲಿ ವರದಿಯಾಯಿತು. ಅದೇ ಮಂಡಿಗಳಲ್ಲಿ ಅವರು ಜಗತ್ತಿನ ಅತಿ ಕಠಿಣ ಲೀಗ್ ಆಡುತ್ತಿದ್ದರು.

ಹಾಗಾದರೆ ಸ್ಕ್ಯಾನ್ ಬೇಡವೇ? ಖಂಡಿತ ಬೇಕು. ತಿರುಗುವಾಗ ಟಪ್ಪೆಂದು ಸದ್ದಾಗಿ ಊದಿದ ಮಂಡಿಯಲ್ಲಿ ಎಸಿಎಲ್ ಎಂಬ ಲಿಗಮೆಂಟ್ ಹರಿದಿದೆಯೇ, ಜೊತೆಗೆ ಮೆನಿಸ್ಕಸ್ಸಿಗೂ ಪೆಟ್ಟಾಗಿದೆಯೇ ಎಂಬುದು ತಿಳಿಯದೆ ಆಟಗಾರನನ್ನು ಕಣಕ್ಕಿಳಿಸುವುದು ಅಪಾಯ. ಅಲ್ಲಿ ಚಿತ್ರ ಪೆಟ್ಟಿನ ವಿವರಕ್ಕೂ ವೈದ್ಯರ ಕೈಪರೀಕ್ಷೆಗೂ ತಾಳೆಯಾಗುತ್ತದೆ. ತಾಳೆಯಿಲ್ಲದ ಒಂಟಿ ಚಿತ್ರದ ಬಗ್ಗೆಯೇ ಎಚ್ಚರ ಬೇಕು. ಆಟಗಾರರನ್ನು ಕೊಳ್ಳುವ ಮುನ್ನ ಕ್ಲಬ್ಬುಗಳು ಮಂಡಿ ಸ್ಕ್ಯಾನ್ ಮಾಡಿಸುವ ಈ ಕಾಲದಲ್ಲಿ, ನೋವಿಲ್ಲದ ಒಂದು ಗೆರೆ ಚಾಕುವಿಗೆ ಮಾತ್ರವಲ್ಲ, ಸಂಬಳದ ಕಡಿತಕ್ಕೂ ದಾರಿ ಮಾಡೀತು. ಆರೋಗ್ಯವಾಗಿದ್ದಾಗಿನ ಸ್ಕ್ಯಾನನ್ನು ಕಾಪಿಟ್ಟು, ನೋವು ಬಂದಾಗ ಹೊಸದನ್ನು ಅದರೊಂದಿಗೆ ಹೋಲಿಸಿ ತೀರ್ಮಾನಿಸುವುದೇ ಆಟಗಾರನಿಗೆ ಸಲ್ಲಬೇಕಾದ ನ್ಯಾಯ.